ಪಂಪಿನ ಬುಡ ಬಿಸಿಯಾಗುವುದು ಯಾಕೆ? ನೀವೇ ಹೊಡೆದು ನೋಡಿ

ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ, ಅಲ್ವಾ? ಯಾರನ್ನು ಕೇಳಿದರೂ 'ಒಳಗೆ ವಾಷರ್ ತಿಕ್ಕುತ್ತದಲ್ಲ, ಅದಕ್ಕೆ' ಎನ್ನುತ್ತಾರೆ. ಅದು ಸಣ್ಣ ಕಾರಣ ಮಾತ್ರ.

ಮೊದಲು ಪೈಪನ್ನು ಯಾವುದಕ್ಕೂ ಸಿಕ್ಕಿಸದೆ ಸುಮ್ನೆ 30 ಸಲ ಜೋರಾಗಿ ಹೊಡೆಯಿರಿ. ಬುಡ ಮುಟ್ಟಿ. ಅಂಥ ಬಿಸಿ ಇರುವುದಿಲ್ಲ. ಪಂಪು ಆರಲಿ. ಈಗ ಪೈಪನ್ನು ಅರೆಬರೆ ತುಂಬಿದ ಟೈರಿಗೆ ಸಿಕ್ಕಿಸಿ, ಅದೇ ವೇಗದಲ್ಲಿ ಮತ್ತೆ 30 ಸಲ ಹೊಡೆಯಿರಿ. ಈ ಸಲ ಬುಡ ಚೆನ್ನಾಗಿಯೇ ಬೆಚ್ಚಗಾಗಿರುತ್ತದೆ. ಮೇಲ್ಭಾಗ ಅಷ್ಟಿಲ್ಲ. ವಾಷರ್ ಎರಡೂ ಸಲ ತಿಕ್ಕಿದೆ. ಜಾಸ್ತಿಯಾದದ್ದು ಗಾಳಿಯನ್ನು ಅದುಮಿದ್ದು.

ಅದುಮಿದರೆ ಬಿಸಿ ಯಾಕೆ? ಬ್ಯಾಟನ್ನು ಸುಮ್ನೆ ಅಡ್ಡ ಹಿಡಿದರೆ ಚೆಂಡು ಕಾಲ ಬಳಿಯೇ ಬೀಳುತ್ತದೆ. ಮುಂದಕ್ಕೆ ಬೀಸಿದರೆ ಬಂದದ್ದಕ್ಕಿಂತ ಜೋರಾಗಿ ಹೋಗುತ್ತದೆ. ಪಂಪಿನ ಪಿಸ್ಟನ್ ಗಾಳಿಯ ಕಣಗಳನ್ನು ಹೀಗೆ ಬೀಸಿ ಹೊಡೆಯುತ್ತದೆ. ಕಣಗಳ ವೇಗ ಹೆಚ್ಚಿತು ಎಂದರೆ ಬಿಸಿ ಹೆಚ್ಚಿತು ಎಂದೇ ಅರ್ಥ. ನಿಮ್ಮ ತೋಳಿನ ದುಡಿಮೆ ಅಲ್ಲಿಗೆ ಹೋಯಿತು.

ಆದರೆ ಬೇಗ ಅದುಮಬೇಕು. ನಿಧಾನ ಮಾಡಿದರೆ ಬಿಸಿ ಗೋಡೆಗೆ ಸೋರಿಹೋಗುತ್ತದೆ. ಸೋರಲು ಬಿಡದೆ ಅದುಮುವುದಕ್ಕೇ ಅಡಿಯಾಬ್ಯಾಟಿಕ್ ಎನ್ನುವುದು. ನಮ್ಮ ಗದ್ದೆಗಳಲ್ಲಿ ಟಿಲ್ಲರ್‌ನ ಹ್ಯಾಂಡಲ್ ತಿರುಗಿಸುವವರಿಗೆ ಇದು ಕೈಗೇ ಗೊತ್ತು: ಬೀಸಿ ತಿರುಗಿಸದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಅದುಮಿದ ಗಾಳಿಯೇ ಅದರ ಬೆಂಕಿಕಡ್ಡಿ. 27 ಡಿಗ್ರಿಯ, ಅಂದರೆ 300 ಕೆಲ್ವಿನ್‌ನ ಗಾಳಿಯನ್ನು 18ರಲ್ಲಿ ಒಂದು ಪಾಲಿಗೆ ಅದುಮಿ ಎಂದುಕೊಳ್ಳಿ. ಬಿಸಿ ಸೋರದಿದ್ದರೆ ಗಾಳಿಯ ಕೆಲ್ವಿನ್ ಉಷ್ಣತೆ 18ರ 0.4ನೇ ಘಾತದಷ್ಟು ಪಟ್ಟಾಗುತ್ತದೆ, ಅಂದರೆ ಸುಮಾರು 3.2 ಪಟ್ಟು. ಗುಣಿಸಿದರೆ 950 ಕೆಲ್ವಿನ್ ದಾಟುತ್ತದೆ, ಹತ್ತಿರಹತ್ತಿರ 680 ಡಿಗ್ರಿ ಸೆಲ್ಸಿಯಸ್! ನಿಜವಾದ ಎಂಜಿನ್‌ನಲ್ಲಿ ಇಷ್ಟು ಏರುವುದಿಲ್ಲ. ಆದರೂ ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಬೇಕಾದ್ದಕ್ಕಿಂತ ಧಾರಾಳ.

ಕೊನೆಗೆ ಉಲ್ಟಾ ಮಾಡಿ. ಟೈರು ಆರಿದ ಮೇಲೆ ವಾಲ್ವಿನ ಪಿನ್ ಒತ್ತಿ ಬೆರಳು ಹಿಡಿಯಿರಿ. ಬುಸ್ಸೆಂದು ಬರುವ ಗಾಳಿ ತಣ್ಣಗಿರುತ್ತದೆ. ಹರಡಿಕೊಳ್ಳುವ ಗಾಳಿ ತನ್ನ ಬಿಸಿಯನ್ನೇ ಖರ್ಚು ಮಾಡುತ್ತದೆ.

ಆಗುಂಬೆಯಲ್ಲಿ ಆಗುವುದೂ ಇದೇ. ಕಡಲಿನ ಗಾಳಿ ಘಾಟಿಗೆ ಬಡಿದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಹರಡಿಕೊಳ್ಳುತ್ತದೆ. ಮೋಡ ಕಟ್ಟುವ ತನಕ ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಕೆಳಗೆ ಸೋಮೇಶ್ವರದಲ್ಲಿ ನಿಂತು ನೋಡಿ, ಎಷ್ಟೋ ದಿನ ಘಾಟಿಯ ಮೇಲರ್ಧ ಕಾಣುವುದೇ ಇಲ್ಲ. ಮೋಡದ ಆ ಕೆಳ ಅಂಚಿದೆಯಲ್ಲ, ಗಾಳಿಯೊಳಗಿನ ತೇವ ಹನಿಯಾಗಲು ಶುರುವಾದ ಎತ್ತರ ಅದು.