ಬಾಟಲಿಯಲ್ಲಿ ಹಾಕಿಟ್ಟು ಕಾಯುವುದು: ಮಡಗಾಂವಿನಲ್ಲಿ ನನ್ನ ವೆನಿಲಾ ಅರ್ಕ

ಬೇಕರಿ ಸಾಮಾನಿನ ಅಂಗಡಿಯಲ್ಲಿ ವೆನಿಲಾ ಎಸೆನ್ಸ್ ಸಿಗುತ್ತದಲ್ಲ, ಅದರ ಹಿಂದಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡಿ. ಅನೇಕ ಬಾಟಲಿಗಳಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಅನ್ನುವ ದ್ರಾವಕ ಮತ್ತು ಕಾರ್ಖಾನೆಯಲ್ಲಿ ತಯಾರಾದ ವೆನಿಲಿನ್, ಅಂದರೆ ವೆನಿಲಾದ ಮುಖ್ಯ ಪರಿಮಳದ ಅಂಶ. ವೆನಿಲಾ ಬಳ್ಳಿಯ ಕೋಡು ಅದರ ಹತ್ತಿರವೂ ಸುಳಿದಿರುವುದಿಲ್ಲ. ಕೇಕಿಗಾದರೆ ನಡೆಯುತ್ತದೆ, ಒಲೆಯ ಬಿಸಿಗೆ ಅರ್ಧ ವಾಸನೆ ಹೇಗೂ ಹಾರಿಹೋಗುತ್ತದೆ. ಸೆರಾದುರಾಕ್ಕೆ ನಡೆಯುವುದಿಲ್ಲ. ಗೋವಾದ ಈ ಸಿಹಿಯಲ್ಲಿ ಬೇಯಿಸುವ ಕೆಲಸವೇ ಇಲ್ಲ. ಕ್ರೀಮು, ಕಂಡೆನ್ಸ್ಡ್ ಮಿಲ್ಕ್, ಪುಡಿ ಮಾಡಿದ ಮಾರಿ ಬಿಸ್ಕತ್ತು, ವೆನಿಲಾ, ಅಷ್ಟೇ. ಎಸೆನ್ಸ್ ಹಾಕಿದರೆ ತಿಂದ ಮೇಲೂ ಗಂಟಲಲ್ಲಿ ಔಷಧಿಯ ವಾಸನೆ ಉಳಿಯುತ್ತದೆ. ನನ್ನ ಗಿರಾಕಿಗಳು ಜಾಸ್ತಿ ಕೇಳುವುದೇ ಸೆರಾದುರಾ. ಹಾಗಾಗಿ ಕೋಡನ್ನು ವೋಡ್ಕಾದಲ್ಲಿ ನೆನೆಸಿಟ್ಟು ಅರ್ಕವನ್ನು ಮನೆಯಲ್ಲೇ ಮಾಡಲು ಶುರು ಮಾಡಿದೆ.

ಬೀನ್ಸಿಗೆ, ಅಂದರೆ ವೆನಿಲಾ ಕೋಡಿಗೆ, ನನಗೆ ತೊಂದರೆಯಿಲ್ಲ. ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಮೇಲೆ ವೆನಿಲಾ ದರ ಏರುತ್ತಾ ಹೋಯಿತು. 2003ರ ಹೊತ್ತಿಗೆ ಮಲೆನಾಡಿನಲ್ಲಿ ಹಸಿ ಬೀನ್ಸೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿಗೆ ಹೋಗುತ್ತಿತ್ತು. ರಾತ್ರಿ ಬ್ಯಾಟರಿ ಹಿಡಿದು ತೋಟ ಕಾದವರು ಎಷ್ಟೋ ಜನ. ಆಮೇಲೆ ದರ ಬಿದ್ದ ರಭಸಕ್ಕೆ ಹೆಚ್ಚಿನವರು ಬಳ್ಳಿಯನ್ನೇ ಕಿತ್ತು ಹಾಕಿದರು. ನಮ್ಮಣ್ಣ ಮಾತ್ರ ಗ್ಲಿರಿಸಿಡಿಯಾ ಗಿಡಗಳ ಮೇಲೆ ಒಂದಿಷ್ಟು ಉಳಿಸಿಕೊಂಡ. ಹೂ ಅರಳಿರುವುದು ಒಂದೇ ದಿನ, ಬೆಳಿಗ್ಗೆ ಕಡ್ಡಿ ಹಿಡಿದು ಒಂದೊಂದಕ್ಕೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಆ ಕೆಲಸ ಅತ್ತಿಗೆಯದು.

ಹಸಿ ಕೋಡಿಗೆ ಪರಿಮಳವೇ ಇರುವುದಿಲ್ಲ, ಗೊತ್ತಾ? ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಕ್ಕೆ ಸ್ವಲ್ಪ ಹೊತ್ತು ಬಿಸಿಲು ತೋರಿಸಿ, ನೆರಳಲ್ಲಿ ಒಣಗಿಸಿ, ಕೊನೆಗೆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಕು. ಕೋಡಿನೊಳಗೆ ಸಕ್ಕರೆಗೆ ಅಂಟಿಕೊಂಡಿರುವ ವೆನಿಲಿನ್ ಆಗ ಬಿಡುಗಡೆಯಾಗುತ್ತದೆ. ಅಂದರೆ ನನ್ನ ಬಾಟಲಿಗೆ ಬರುವ ಮೊದಲೇ ಅದು ಅರ್ಧ ವರ್ಷ ಕಾದಿರುತ್ತದೆ. ಅಣ್ಣ ಉದ್ದನೆಯ ಚೆಂದದ ಕೋಡುಗಳನ್ನು ಮಾರಿ, ಮುರಿದದ್ದು, ಗಿಡ್ಡದ್ದು, ಸ್ವಲ್ಪ ಒಣಗಿದ್ದು ನನಗೆ ಕೊಡುತ್ತಾನೆ. ಅರ್ಕಕ್ಕೆ ಅವೇ ಒಳ್ಳೆಯದು. ನೀರಿನಂಶ ಕಡಿಮೆ, ಗ್ರಾಂ ಲೆಕ್ಕದಲ್ಲಿ ಸಾರ ಜಾಸ್ತಿ. ಹೊಳೆಯುವ ಕೋಡಿಗೆ ದುಡ್ಡು ಕೊಟ್ಟು ಅದನ್ನು ವೋಡ್ಕಾದಲ್ಲಿ ಮುಳುಗಿಸುವುದು ಸುಮ್ನೆ ದಂಡ.

ಅಳತೆ ಸುಲಭ: ಲೀಟರಿಗೆ 100 ಗ್ರಾಂ. ಅಮೆರಿಕದಲ್ಲಿ ವೆನಿಲಾ ಎಕ್ಸ್‌ಟ್ರ್ಯಾಕ್ಟ್ ಅನ್ನಿಸಿಕೊಳ್ಳಲು ಕಾನೂನು ಕೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ, ಜೊತೆಗೆ ಕನಿಷ್ಠ 35 ಶೇಕಡಾ ಆಲ್ಕೋಹಾಲ್. ನಮ್ಮಲ್ಲಿ ಸಿಗುವ ವೋಡ್ಕಾ ಸಾಮಾನ್ಯವಾಗಿ 42.8 ಶೇಕಡಾ ಇರುತ್ತದೆ, ಸಾಕು. ಗೋವಾದಲ್ಲಿ ಅದರ ದರವೂ ಕೈ ಸುಡುವುದಿಲ್ಲ. ಎರಡು ನಾಲ್ಕು ಕೋಡು ಇಳಿಬಿಟ್ಟು ಫೋಟೋ ಹಾಕುವವರ ಅರ್ಕ ನೋಡಲು ಚೆಂದ. ಹಾಲಿಗೆ ಹಾಕಿದರೆ ಏನೂ ಗೊತ್ತಾಗುವುದಿಲ್ಲ.

ಗೋವಾದಲ್ಲಿದ್ದು ಫೆಣಿ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದ್ದೇನೆ. 42ರಿಂದ 45 ಶೇಕಡಾ, ಗಟ್ಟಿಗೇನೂ ಕೊರತೆಯಿಲ್ಲ. ಆದರೆ ಗೇರುಹಣ್ಣಿನ ವಾಸನೆ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತದೆ. ವರ್ಷ ಕಳೆದರೂ ಅದು ಹಿಂದೆ ಸರಿಯಲಿಲ್ಲ. ಕ್ರಿಸ್‌ಮಸ್ಸಿನ ಹಣ್ಣಿನ ಕೇಕಿಗೆ ಅದೇ ಒಂದು ಗಮ್ಮತ್ತು, ಸೆರಾದುರಾಕ್ಕೆ ಮಾತ್ರ ಬೇಡ. ರಮ್ಮಿನದು ಚೆನ್ನಾಗಿ ಬರುತ್ತದೆ. ಆದರೂ ನಾನು ವೋಡ್ಕಾವನ್ನೇ ಹಿಡಿದಿದ್ದೇನೆ, ಅದಕ್ಕೆ ತನ್ನದೇ ಮಾತಿಲ್ಲ.

ಕೋಡನ್ನು ಉದ್ದಕ್ಕೆ ಸೀಳಿ, ಇಂಚು ಇಂಚಿನ ತುಂಡು ಮಾಡಿ ಗಾಜಿನ ಬಾಟಲಿಗೆ ಹಾಕುತ್ತೇನೆ. ಮೇಲೆ ಕತ್ತಿನವರೆಗೆ ವೋಡ್ಕಾ. ಒಂದು ತುಂಡೂ ಮೇಲೆ ತಲೆ ಎತ್ತಬಾರದು. ಇಲ್ಲಿನ ಮಳೆಗಾಲದಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಬರುತ್ತದೆ, ವೆನಿಲಾಗೆ ಬಿಡುತ್ತದಾ? ಬಾಟಲಿ ಇರುವುದು ಕಪಾಟಿನ ಕತ್ತಲಲ್ಲಿ, ಒಲೆಯಿಂದ ದೂರ. ವಾರಕ್ಕೊಮ್ಮೆ ಅಲ್ಲಾಡಿಸುತ್ತೇನೆ.

ಒಂದು ವಾರದಲ್ಲಿ ಚಹಾದ ಬಣ್ಣ ಬರುತ್ತದೆ. ತಿಂಗಳಿಗೆ ಮುಚ್ಚಳ ತೆಗೆದರೆ ಮನೆಯೆಲ್ಲ ಘಮ. ಹೊಸಬರು ಇಲ್ಲೇ ಬಾಟಲಿ ಖಾಲಿ ಮಾಡಲು ಶುರು ಮಾಡುತ್ತಾರೆ. ಎರಡು ತಿಂಗಳಿಗೆ ಆಯಿತು ಅಂತ ಬಹಳ ಕಡೆ ಬರೆದಿರುತ್ತಾರೆ. ನನ್ನ ಲೆಕ್ಕದಲ್ಲಿ ಆಗಿರುವುದಿಲ್ಲ. ವೆನಿಲಿನ್ ಬಹಳಷ್ಟು ಇಳಿದಿರುತ್ತದೆ ನಿಜ. ಆದರೆ ವೆನಿಲಾ ಅಂದರೆ ವೆನಿಲಿನ್ ಒಂದೇ ಅಲ್ಲ, ಕೋಡಿನಲ್ಲಿ ನೂರಾರು ಪರಿಮಳದ ಅಂಶಗಳಿವೆ. ಅಂಟಿನಂಥ, ರಾಳದಂಥ ಭಾಗಗಳು ನಿಧಾನಕ್ಕೆ ಬಿಡುತ್ತವೆ. ಒಣದ್ರಾಕ್ಷಿಯ ಛಾಯೆ, ಸ್ವಲ್ಪ ತಂಬಾಕಿನ ಛಾಯೆ ನನಗೆ ಸಿಗುವುದು ಆರು ತಿಂಗಳ ಆಸುಪಾಸಿಗೆ.

ಆಮೇಲೆ ಸೋಸುತ್ತೇನೆ. ಸೋಸಿದ್ದನ್ನು ತಕ್ಷಣ ಬಳಸುವುದಿಲ್ಲ, ತುಂಬಿದ ಬಾಟಲಿಯಲ್ಲಿ ಮುಚ್ಚಿ ಇನ್ನೊಂದು ತಿಂಗಳು ಬಿಡುತ್ತೇನೆ. ಈ ಎರಡನೇ ಕಾಯುವಿಕೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕೋಡಿನಿಂದ ಇಳಿಯುವುದು ಆಗಲೇ ಮುಗಿದಿರುತ್ತದೆ. ಈಗ ಇಳಿದದ್ದೆಲ್ಲ ಒಂದಕ್ಕೊಂದು ಹೊಂದಿಕೊಳ್ಳಬೇಕು. ತಳದಲ್ಲಿ ಸಣ್ಣ ಗಸಿ ಕೂರುತ್ತದೆ, ಮೂಗಿಗೆ ಚುಚ್ಚುವ ಆಲ್ಕೋಹಾಲಿನ ಮೊನೆ ಮೊಂಡಾಗುತ್ತದೆ. ಸೋಸಿದ ದಿನ ಒಂದು ಹನಿ, ತಿಂಗಳ ನಂತರ ಒಂದು ಹನಿ, ಎರಡನ್ನೂ ಮೂಸಿದರೆ ನಿಮಗೇ ತಿಳಿಯುತ್ತದೆ.

ಪುಣೆಯಲ್ಲಿರುವ ತಂಗಿಯ ಮಗ ಇದನ್ನೆಲ್ಲ ನೋಡಿ ನಕ್ಕ. 2019ರಲ್ಲಿ ಇ-ಸಿಗರೇಟು ನಿಷೇಧವಾಗುವ ಮೊದಲು ಅವನ ರೂಮಿನ ಹುಡುಗರು ಅದಕ್ಕೆ ತುಂಬುವ ಪರಿಮಳದ ವೇಪ್ ದ್ರವವನ್ನು ಮನೆಯಲ್ಲೇ ಬೆರೆಸುತ್ತಿದ್ದರಂತೆ. ಅವರೂ ಹೀಗೇ ಕಪಾಟಿನಲ್ಲಿಟ್ಟು ಕಾಯುತ್ತಿದ್ದರು. ಹಣ್ಣಿನ ಪರಿಮಳದ್ದು ಕೆಲವು ದಿನಕ್ಕೇ ಸರಿಹೋದರೆ, ವೆನಿಲಾ ಕಸ್ಟರ್ಡಿನದಕ್ಕೆ ಮೂರು ನಾಲ್ಕು ವಾರ ಬೇಕಂತೆ. ಅಲ್ಲೂ ವೆನಿಲಾವೇ ಕಾಯಿಸುವವಳು! ಆ ದ್ರವದಲ್ಲಿರುವುದೂ ಎಸೆನ್ಸ್ ಬಾಟಲಿಯ ಪ್ರೊಪಿಲೀನ್ ಗ್ಲೈಕಾಲೇ, ವೆನಿಲಿನ್ ಅದರ ಜೊತೆ ನಿಧಾನಕ್ಕೆ ಸೇರಿ ಬೇರೆ ಸಂಯುಕ್ತವಾಗುತ್ತದೆ. ತಿನ್ನಲು ಸರಿಯಾದ ಪರಿಮಳ ಎದೆಗೆ ಎಳೆದುಕೊಳ್ಳಲು ಸರಿ ಅಂತೇನಿಲ್ಲ, ಅದನ್ನೂ ಅವನಿಗೆ ಹೇಳಿದೆ.

ಅವರ ಹತ್ತಿರ ಎರಡು ಅಡ್ಡದಾರಿಗಳಿದ್ದವು: ಬಾಟಲಿಯನ್ನು ಬಿಸಿನೀರಿನಲ್ಲಿ ಇಡುವುದು, ಇಲ್ಲವೇ ಮುಚ್ಚಳ ತೆಗೆದು ಗಾಳಿಯಾಡಲು ಬಿಡುವುದು. ಕುತೂಹಲಕ್ಕೆ ಸಣ್ಣ ಬಾಟಲಿಗಳಲ್ಲಿ ಎರಡನ್ನೂ ನೋಡಿದೆ. ಒಲೆ ಆರಿಸಿ, ಉಗುರುಬೆಚ್ಚಗಿಗಿಂತ ಸ್ವಲ್ಪ ಬಿಸಿ ನೀರಿನಲ್ಲಿಟ್ಟದ್ದು ಬೇಗ ಕಪ್ಪಾಯಿತು. ಬಣ್ಣ ಬಂತು, ಪರಿಮಳದ ಮೇಲ್ಪದರ ಹೋಯಿತು, ಮರದ ಒಗರು ಉಳಿಯಿತು. ಗಾಳಿಯಾಡಿದ್ದರಲ್ಲಿ ಆಲ್ಕೋಹಾಲಿನ ಜೊತೆ ಘಮವೂ ಹಾರಿತ್ತು. ಆಲ್ಕೋಹಾಲ್ ತೀರಾ ಇಳಿದರೆ ಅರ್ಕ ಕೆಡುವ ಭಯ ಬೇರೆ. ಗ್ಯಾಸ್ ಉರಿಯ ಪಕ್ಕ ವೋಡ್ಕಾ ಬಿಸಿ ಮಾಡುವ ಸಾಹಸ ಮಾತ್ರ ಯಾರೂ ಮಾಡಬೇಡಿ. ಅದರ ಆವಿಗೆ ಬೆಂಕಿ ಹತ್ತುತ್ತದೆ, ಮುಚ್ಚಳ ಬಿಗಿದಿದ್ದರೆ ಬಾಟಲಿ ಸಿಡಿಯುತ್ತದೆ.

ಹದ ನೋಡಲು ಚಮಚದಲ್ಲಿ ನೆಕ್ಕಿದರೆ ಪ್ರಯೋಜನವಿಲ್ಲ, ನಾಲಿಗೆಗೆ ತಾಗುವುದು ವೋಡ್ಕಾ ಮಾತ್ರ. ಅರ್ಧ ಲೋಟ ತಣ್ಣನೆಯ ಹಾಲು, ಚಿಟಿಕೆ ಸಕ್ಕರೆ, ಕಾಲು ಚಮಚ ಅರ್ಕ. ಕಲಕಿ ಐದು ನಿಮಿಷ ಬಿಟ್ಟು ಕುಡಿಯಿರಿ. ಹಾಲಿನ ಕೊಬ್ಬು ಪರಿಮಳವನ್ನು ಹಿಡಿದಿಡುತ್ತದೆ, ಅರ್ಕ ಹಸಿಯೋ ಪಕ್ವವೋ ಆಗ ಗೊತ್ತಾಗುತ್ತದೆ. ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯುತ್ತದೆ ಅನ್ನುವುದನ್ನು ಗಮನಿಸಿ. ಖಾರದಂಥ ಉರಿ ಉಳಿದರೆ ಬಾಟಲಿ ವಾಪಸ್ ಕಪಾಟಿಗೆ.

ಡಿಸೆಂಬರ್ ಆರ್ಡರುಗಳಿಗೆ ಬೇಕಾದದ್ದನ್ನು ನಾನು ಮೇ ತಿಂಗಳಲ್ಲೇ ಹಾಕಿಡುತ್ತೇನೆ. ಚಳಿಗಾಲದಲ್ಲಿ ಕೊಯ್ದ ಕೋಡು ಹದವಾಗಿ ಅಣ್ಣನ ಪೆಟ್ಟಿಗೆಯಿಂದ ಹೊರಬರುವುದೂ ಆ ಹೊತ್ತಿಗೇ. ಸೋಸಿ ಉಳಿದ ತುಂಡುಗಳನ್ನು ಎಸೆಯುವುದಿಲ್ಲ. ಒಣಗಿಸಿ ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟರೆ ಮಕ್ಕಳ ಹಾಲಿಗೆ ಬರುತ್ತದೆ. ಅವುಗಳ ಮೇಲೆ ಹೊಸ ವೋಡ್ಕಾ ಸುರಿದು ಎರಡನೇ ಸಲ ತೆಗೆಯುವವರೂ ಇದ್ದಾರೆ. ಬಣ್ಣ ಬರುತ್ತದೆ, ರುಚಿ ತೆಳು, ಕೇಕಿಗೆ ಮಾತ್ರ ಸಾಕು.