ವಾಚ್‌ನಲ್ಲಿ ಮೃದಂಗದ ಪಾಠ

ವಾಚ್‌ನಲ್ಲಿ ವಿಡಿಯೋ ನೋಡುತ್ತೇನೆ ಎಂದರೆ ಮನೆಯವರು ನಗುತ್ತಾರೆ. 1.4 ಇಂಚಿನ ಪರದೆ, ನಗದೇ ಇನ್ನೇನು ಮಾಡುತ್ತಾರೆ! ನಾನೂ ಸುಮ್ನೆ ಚಪಲಕ್ಕೆ ಶುರು ಮಾಡಿದ್ದು. ಕ್ರಿಕೆಟ್ ಹಾಕಿದೆ, ಚೆಂಡೇ ಕಾಣಲಿಲ್ಲ. ಸಿನಿಮಾ ಹಾಕಿದೆ, ಹತ್ತು ನಿಮಿಷಕ್ಕೇ ಎತ್ತಿ ಹಿಡಿದ ಕೈ ನೋಯತೊಡಗಿತು.

ನನ್ನದು ವೇರ್ ಓಎಸ್ (ವಾಚ್‌ಗಳಿಗಾಗಿ ಗೂಗಲ್ ಮಾಡಿದ ಆಂಡ್ರಾಯ್ಡ್) ಇರುವ ದುಂಡನೆಯ ವಾಚ್, 450×450 ಪಿಕ್ಸೆಲ್. 16:9 ವಿಡಿಯೋ ಪೂರ್ತಿ ಆ ದುಂಡಿನೊಳಗೆ ಕೂರಬೇಕಾದರೆ 392×220ಕ್ಕೆ ಇಳಿಯಬೇಕು. ಹೆಚ್ಚುಕಮ್ಮಿ ಅರ್ಧ ಪರದೆ ಕಪ್ಪಾಗಿಯೇ ಉಳಿಯುತ್ತದೆ. ದುಂಡು ಪರದೆಗೆ ದುಂಡು ವಸ್ತುವೇ ಬೇಕು ಅಂತ ಹೊಳೆದದ್ದು ಮೃದಂಗ ಕಲಿಯಲು ಸೇರಿದ ಮೇಲೆ.

ಗುರುಗಳ ಒಪ್ಪಿಗೆ ಪಡೆದು ಅವರ ಬಲಗೈ ಬೆರಳುಗಳು ಬೀಳುವ ರೀತಿಯನ್ನು ಫೋನಿನಲ್ಲಿ ತೆಗೆದುಕೊಂಡಿದ್ದೆ. ಅದನ್ನು ಕುಗ್ಗಿಸುವ ಬದಲು ಕತ್ತರಿಸಿದೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಪರಿವರ್ತಿಸುವ ತಂತ್ರಾಂಶದಲ್ಲಿ ಮೃದಂಗದ ಬಲ ಮುಖ ಮಾತ್ರ ಉಳಿಯುವಂತೆ 600×600ರ ಚೌಕ ತೆಗೆದು, ಅದನ್ನು 450×450 ಮಾಡಿದೆ. ಮೂಲೆಗಳು ಹೋದರೆ ಹೋಗಲಿ, ಅಲ್ಲಿ ಜಮಖಾನ ಬಿಟ್ಟರೆ ಏನೂ ಇರಲಿಲ್ಲ. ಫೈಲ್ ಚಿಕ್ಕದಾಗಲಿ ಎಂದು ಮೊದಲ ಸಲ ಸೆಕೆಂಡಿಗೆ 15 ಫ್ರೇಮ್ ಇಟ್ಟಿದ್ದೆ. ವೇಗದ ನಡೆಯಲ್ಲಿ ಬೆರಳುಗಳೆಲ್ಲ ಕಲಸಿಕೊಂಡವು. ಈಗ 30 ಇಡುತ್ತೇನೆ. ವಿಡಿಯೋಗೆ 500 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಡೇಟಾ), ಆಡಿಯೋಗೆ 96. ನಾಲ್ಕು ನಿಮಿಷದ ಪಾಠ 18 ಎಂಬಿಯಲ್ಲಿ ಮುಗಿಯುತ್ತದೆ.

ವಾಚ್‌ಗೆ ಕಳಿಸುವುದೇ ಸ್ವಲ್ಪ ತಲೆನೋವು. ವಾಚ್‌ನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ವೈರ್‌ಲೆಸ್ ಡೀಬಗಿಂಗ್ (ತಂತಿ ಇಲ್ಲದೆ ಲ್ಯಾಪ್‌ಟಾಪ್‌ನಿಂದ ವಾಚ್‌ಗೆ ಕಮಾಂಡ್ ಕಳಿಸುವ ಸೌಲಭ್ಯ) ಆನ್ ಮಾಡಬೇಕು. ಲ್ಯಾಪ್‌ಟಾಪ್ ಕೂಡ ಅದೇ ವೈಫೈನಲ್ಲಿರಬೇಕು. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಎಡಿಬಿ ಎಂಬ ಆಂಡ್ರಾಯ್ಡ್ ಕಮಾಂಡ್ ಸಾಧನದ ಮೂಲಕ ಮೊದಲು ಪೇರ್, ನಂತರ ಕನೆಕ್ಟ್. ಈ ಎರಡಕ್ಕೂ ಪೋರ್ಟ್ ನಂಬರ್ ಬೇರೆ ಬೇರೆ! ಇದು ತಿಳಿಯದೆ ಒಂದು ಭಾನುವಾರ ಪೂರ್ತಿ ಹಾಳು ಮಾಡಿಕೊಂಡೆ. ಕನೆಕ್ಟ್ ಆದರೆ ಪುಶ್ ಕಮಾಂಡಿನಿಂದ ಫೈಲನ್ನು ಮೂವೀಸ್ ಫೋಲ್ಡರಿಗೆ ಹಾಕಿ, ಡೀಬಗಿಂಗ್ ಆಫ್ ಮಾಡುತ್ತೇನೆ. ಸುಮ್ಮನೆ ತೆರೆದಿಟ್ಟರೆ ಬ್ಯಾಟರಿಗೂ ದಂಡ, ಸುರಕ್ಷತೆಗೂ ಒಳ್ಳೆಯದಲ್ಲ. ನೋಡಲು ವಾಚ್‌ಗೆ ಹೊಂದುವ ಒಂದು ಪ್ಲೇಯರ್ ಆ್ಯಪ್ ಸಾಕು.

ಕೈನೋವಿಗೆ ಮದ್ದು ಸಿಕ್ಕಿದ್ದು ನಮ್ಮ ಮೆಟ್ರೋದಲ್ಲಿ. ವಿಜಯನಗರದಲ್ಲಿ ಹತ್ತಿ ಇಂದಿರಾನಗರದಲ್ಲಿ ಇಳಿಯುವವನು ನಾನು. ಬೆಳಿಗ್ಗೆ ಸೀಟು ಸಿಗುವ ಮಾತೇ ಇಲ್ಲ. ಮೇಲಿನ ಕಂಬಿ ಹಿಡಿದು ನಿಂತರೆ ಎಡಗೈ ತಾನಾಗಿಯೇ ಮೇಲಿರುತ್ತದೆ, ವಾಚ್ ನೇರ ಮುಖದ ಮುಂದೆ! ಇಯರ್‌ಬಡ್ಸ್ ಅನ್ನು ವಾಚ್‌ಗೇ ಜೋಡಿಸಿದ್ದೇನೆ, ಫೋನ್ ಜೇಬಿನಲ್ಲೇ ಇರುತ್ತದೆ. ಮೊದಲು ಬ್ರೌಸರ್‌ನಲ್ಲಿ ವಿಡಿಯೋ ನೋಡುತ್ತಿದ್ದಾಗ ಮೆಜೆಸ್ಟಿಕ್ ಕಡೆಯ ಸುರಂಗದಲ್ಲಿ ನಿಂತು ನಿಂತು ಬರುತ್ತಿತ್ತು. ಫೈಲ್ ವಾಚ್‌ನೊಳಗೇ ಇರುವುದರಿಂದ ಈಗ ಆ ಗೋಳಿಲ್ಲ. ನಾನು ಇಳಿಯುವ ಹೊತ್ತಿಗೆ ಬ್ಯಾಟರಿ ಮಾತ್ರ ಶೇ. 15ರಷ್ಟು ಖಾಲಿ.

ಬಲಗೈ ಬಿಡುವಾಗಿರುತ್ತದಲ್ವಾ, ಎದೆಗೆ ನೇತುಹಾಕಿದ ಬ್ಯಾಗಿನ ಮೇಲೆ ಬಲಗೈಯ ದಿ, ನಂ ಸೊಲ್ಲುಗಳನ್ನು ನುಡಿಸುತ್ತಿರುತ್ತೇನೆ. ಎಡಗೈ ಪಾಠ ಮಾತ್ರ ಹೀಗೆ ಸಾಗುವುದಿಲ್ಲ. ಅದು ಕಂಬಿ ಹಿಡಿದಿದೆಯಲ್ಲ.