ಆ 5 ಗ್ರಾಂ ಎಲ್ಲಿಂದ ಬಂತು?

ಮೈಕ್ರೋಪ್ಲಾಸ್ಟಿಕ್ (ಪ್ಲಾಸ್ಟಿಕ್‌ನ ಸಣ್ಣ ಸಣ್ಣ ಕಣಗಳು) ಬಗ್ಗೆ ಲಿಟರೇಚರ್ ರಿವ್ಯೂ, ಅಂದ್ರೆ ಈವರೆಗಿನ ಸಂಶೋಧನೆಯ ಅವಲೋಕನ, ಬರೀತಾ ಇದ್ದಾಗ ಮೊದಲ ಪ್ಯಾರಾದಲ್ಲೇ ಒಂದು ಸಾಲು ಹಾಕಿದ್ದೆ, ಮನುಷ್ಯ ವಾರಕ್ಕೆ 5 ಗ್ರಾಂ ಪ್ಲಾಸ್ಟಿಕ್ ತಿಂತಾನೆ, ಅಂದ್ರೆ ಒಂದು ಕ್ರೆಡಿಟ್ ಕಾರ್ಡ್‌ನಷ್ಟು ಅಂತ. ಪಕ್ಕದಲ್ಲಿ ಮೂರು ರೆಫರೆನ್ಸ್ ಬೇರೆ. ಗೈಡ್ ಅದರ ಕೆಳಗೆ ಗೆರೆ ಎಳೆದು "ಇದನ್ನ ಅಳೆದವರು ಯಾರು?" ಅಂತ ಬರೆದು ವಾಪಸ್ ಕೊಟ್ರು. ಮೂರು ರೆಫರೆನ್ಸ್ ಇದೆಯಲ್ಲ ಸರ್ ಅಂದೆ. "ಓದಿದ್ಯಾ?" ಅಂದ್ರು. ಅಬ್‌ಸ್ಟ್ರಾಕ್ಟ್, ಅಂದ್ರೆ ಶುರುವಿನ ಸಾರಾಂಶ, ಓದಿದ್ದೆ, ಅಷ್ಟೇ.

ಆವತ್ತು ಕೂತು ಹಿಂದಕ್ಕೆ ಹೋಗ್ತಾ ಹೋದೆ. ಮೊದಲನೇ ಪೇಪರ್ ಎರಡನೇದರ ಕಡೆ ಕೈ ತೋರಿಸ್ತು, ಎರಡನೇದು ಇನ್ಯಾವುದೋ ರಿವ್ಯೂ ಕಡೆ, ಕೊನೆಗೆ ಹೋಗಿ ನಿಂತಿದ್ದು 2019ರಲ್ಲಿ ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಹೊರತಂದ ರಿಪೋರ್ಟ್ ಮುಂದೆ. ಅದಕ್ಕೆ ಆಧಾರ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಯೂನಿವರ್ಸಿಟಿಯವರು ಮಾಡಿದ ಲೆಕ್ಕ, ಅದು ಜರ್ನಲ್‌ನಲ್ಲಿ ಬಂದಿದ್ದು 2021ರಲ್ಲಿ. ತೆಗೆದು ನೋಡಿದ್ರೆ ಅಲ್ಲಿರೋದು 0.1ರಿಂದ 5 ಗ್ರಾಂ ಅಂತ! ಐವತ್ತು ಪಟ್ಟು ಅಂತರ ಇರೋ ಅಂದಾಜಿನಲ್ಲಿ ಎಲ್ಲರೂ ಎತ್ಕೊಂಡಿದ್ದು ಮೇಲಿನ ತುದಿ ಮಾತ್ರ. ಅದೂ ಯಾರ ಹೊಟ್ಟೇಲೂ ಅಳೆದಿದ್ದಲ್ಲ, ಬೇರೆ ಬೇರೆ ಸ್ಟಡಿಗಳಲ್ಲಿ ನೀರು, ಉಪ್ಪು, ಚಿಪ್ಪುಜೀವಿಗಳಲ್ಲಿ ಸಿಕ್ಕ ಕಣಗಳ ಎಣಿಕೆ ತಗೊಂಡು ಅದನ್ನ ತೂಕಕ್ಕೆ ಪರಿವರ್ತಿಸಿ ಮಾಡಿದ್ದು. ಅದೇ 2021ರಲ್ಲಿ ಬಂದ ಇನ್ನೊಂದು ಮಾಡೆಲಿಂಗ್ ಸ್ಟಡಿ ಪ್ರಕಾರ ದೊಡ್ಡವರಿಗೆ ದಿನಕ್ಕೆ ಮೀಡಿಯನ್ (ಮಧ್ಯಾಂಕ) 883 ಕಣ, ತೂಕ 583 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಅಂದ್ರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಗ್ರಾಂ ಎಲ್ಲಿ, ನ್ಯಾನೋಗ್ರಾಂ ಎಲ್ಲಿ.

ಈಗ ಜೂನಿಯರ್‌ಗಳು ಬಂದು "ನಂಬಬಹುದಾದ ಸೈಟ್ ಯಾವುದು ಹೇಳಿ" ಅಂತ ಕೇಳಿದಾಗ ನನಗೆ ಇದೇ ನೆನಪಾಗೋದು. ಸೈಟ್ ನಂಬಿ ಏನ್ಮಾಡ್ತೀರ, ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡೋ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2007ರ ವರದಿಯಲ್ಲೇ ಹಿಮಾಲಯದ ಗ್ಲೇಸಿಯರ್‌ಗಳು 2035ಕ್ಕೆಲ್ಲ ಮಾಯ ಆಗೋ ಸಾಧ್ಯತೆ ತುಂಬಾ ಇದೆ ಅಂತ ಸೇರ್ಕೊಂಡು 2010ರಲ್ಲಿ ಅವರೇ ವಿಷಾದ ಹೇಳಬೇಕಾಯ್ತು. ಅಲ್ಲೂ ಇದೇ ಕಥೆ, ಬೇರೆ ವಿಜ್ಞಾನಿಗಳು ಪರಿಶೀಲಿಸದ ಒಂದು ರಿಪೋರ್ಟ್, ಅದರ ಹಿಂದೆ ಒಂದು ಮ್ಯಾಗಜಿನ್ ಸುದ್ದಿ. ಹಾಗಂತ ಐಪಿಸಿಸಿ ನಂಬಬೇಡಿ ಅಂತಲ್ಲ, ನಾನು ಈಗಲೂ ಶುರು ಮಾಡೋದು ಅಲ್ಲಿಂದಲೇ, ಆದ್ರೆ ಮೇಲಿನ ಸಾರಾಂಶದಿಂದ ಕೋಟ್ ಮಾಡಲ್ಲ, ಒಳಗಿನ ಚಾಪ್ಟರ್‌ಗೆ ಹೋಗಿ ಅಲ್ಲಿಂದ ಮೂಲ ಪೇಪರ್‌ಗೆ ಇಳೀತೀನಿ.

ಹುಡುಕೋ ಜಾಗದ ವಿಷಯಕ್ಕೆ ಬಂದ್ರೆ, ತುಂಬಾ ದಿನ ನಾನು ಪೇಪರ್ ಹುಡುಕೋಕೆ ಪಬ್‌ಮೆಡ್ ಒಂದೇ ಸಾಕು ಅಂದ್ಕೊಂಡಿದ್ದೆ. ಅದು ವೈದ್ಯಕೀಯದ ಕಡೆ ವಾಲಿರೋದು, ಆರೋಗ್ಯದ ಪರಿಣಾಮಕ್ಕೆ ಸೂಪರ್, ಆದ್ರೆ ಕೆರೆ, ಮಣ್ಣು, ಕಾಡಿನ ಇಕಾಲಜಿ ಪೇಪರ್ ಎಷ್ಟೋ ಅಲ್ಲಿ ಸಿಗಲ್ಲ. ಅದಕ್ಕೆ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್ ಬೇಕು, ಅವೆರಡಕ್ಕೂ ಸಂಸ್ಥೆ ದುಡ್ಡು ಕಟ್ಟಿರಬೇಕು, ಇಲ್ಲಾಂದ್ರೆ ಗೂಗಲ್ ಸ್ಕಾಲರ್. ಸ್ಕಾಲರ್‌ನಲ್ಲಿ ಜಳ್ಳು ಕಾಳು ಎರಡೂ ಬರುತ್ತೆ, ಆರಿಸ್ಕೋಬೇಕು, ಆದ್ರೆ ಅದರಲ್ಲಿ ಒಂದು ಪೇಪರನ್ನ ಆಮೇಲೆ ಯಾರ್ಯಾರು ರೆಫರೆನ್ಸ್ ಆಗಿ ಕೊಟ್ಟಿದ್ದಾರೆ ಅನ್ನೋ ಲಿಂಕ್ ಇದೆಯಲ್ಲ, ಅದು ಚಿನ್ನ. ರೆಫರೆನ್ಸ್ ಲಿಸ್ಟ್ ಹಿಡಿದು ಹೋದ್ರೆ ಹಿಂದಕ್ಕಷ್ಟೇ ಹೋಗಬಹುದು, ಇದು ಮುಂದಕ್ಕೆ ಕರ್ಕೊಂಡು ಹೋಗುತ್ತೆ, ಆ 5 ಗ್ರಾಂನ ಪ್ರಶ್ನೆ ಮಾಡಿದವರು ನನಗೆ ಸಿಕ್ಕಿದ್ದೇ ಹೀಗೆ. ಪಬ್‌ಮೆಡ್‌ನಲ್ಲಿ ಮೆಶ್ ಟ್ಯಾಗ್ (ಪೇಪರ್‌ಗೆ ಅಂಟಿಸೋ ನಿಗದಿತ ವಿಷಯ ಪದ) ಹಾಕಿ ಹುಡುಕೋರು ಮಾಮೂಲಿ ಪದ ಹಾಕಿನೂ ಇನ್ನೊಂದು ಸಲ ಹುಡುಕಿ, ಎಲ್ಲ ಪೇಪರ್‌ಗಳಿಗೂ ಟ್ಯಾಗ್ ಬಿದ್ದಿರಲ್ಲ.

ಗಿಡ ಪ್ರಾಣಿ ಅಂದ್ರೆ ಹೆಸರಿನ ಕಾಟ ಬೇರೆ. ಗೆಳತಿಯೊಬ್ಬಳು ಕರಿಜಾಲಿ ಮೇಲೆ ಕೆಲಸ ಮಾಡ್ತಾ "ಪೇಪರೇ ಇಲ್ಲ ಕಣೇ" ಅಂತ ಅಳ್ತಾ ಇದ್ಲು. ಅವಳು ಹುಡುಕ್ತಾ ಇದ್ದಿದ್ದು ವ್ಯಾಚೆಲಿಯಾ ನಿಲೋಟಿಕಾ ಅಂತ, ಅದು ಹೊಸ ಹೆಸರು. ಅಕೇಶಿಯಾ ಅನ್ನೋ ಹೆಸರನ್ನ ಆಸ್ಟ್ರೇಲಿಯಾದ ಗುಂಪಿಗೆ ಉಳಿಸೋದು ಅಂತ 2005ರ ವಿಯೆನ್ನಾ ಸಸ್ಯಶಾಸ್ತ್ರ ಕಾಂಗ್ರೆಸ್‌ನಲ್ಲಿ ತೀರ್ಮಾನ ಆಗಿ, 2011ರಲ್ಲಿ ಮೆಲ್ಬರ್ನ್‌ನಲ್ಲಿ ಮತ್ತೆ ಜಗಳ ಆಗಿ ಅದೇ ಉಳೀತು, ಅದಕ್ಕಿಂತ ಹಿಂದಿನ ಪೇಪರ್ ಎಲ್ಲ ಅಕೇಶಿಯಾ ನಿಲೋಟಿಕಾ ಹೆಸರಲ್ಲೇ ಕೂತಿವೆ. ಹಳೇ ಹೆಸರು ಹಾಕಿದ ತಕ್ಷಣ ಓದಿ ಮುಗಿಸಕ್ಕಾಗದಷ್ಟು ಬಂತು. ಈಗ ಏನೇ ಹುಡುಕೋ ಮುಂಚೆ ಕ್ಯೂ ಗಾರ್ಡನ್‌ನವರ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್‌ನಲ್ಲಿ ಪರ್ಯಾಯ ಹೆಸರೆಲ್ಲ ಎತ್ಕೊಂಡು, ಮಧ್ಯೆ OR (ಅಥವಾ) ಅಂತ ಹಾಕಿ ಒಟ್ಟಿಗೆ ಹುಡುಕ್ತೀವಿ. ಕಡಲ ಜೀವಿ ಆದ್ರೆ ವರ್ಮ್ಸ್ (WoRMS) ಅನ್ನೋ ಕಡಲ ಜೀವಿಗಳ ಹೆಸರಿನ ಪಟ್ಟಿ.

ಜೀವವೈವಿಧ್ಯದ ಜಾಗತಿಕ ಡೇಟಾ ಭಂಡಾರ ಜಿಬಿಐಎಫ್‌ನ ಡೇಟಾ ಬಳಸೋರಿಗೆ ಒಂದು ಮಾತು. ಯಾವ ಪ್ರಾಣಿ ಎಲ್ಲಿ ಕಂಡಿದೆ ಅಂತ ನೂರಾರು ಕೋಟಿ ರೆಕಾರ್ಡ್ ಪುಕ್ಕಟೆ ಸಿಗುತ್ತೆ ನಿಜ, ಆದ್ರೆ ನಾನು ಮೊದಲ ಸಲ ಮ್ಯಾಪ್ ಹಾಕಿದಾಗ ನೆಲದ ಮೇಲಿನ ಹಲ್ಲಿ ಆಫ್ರಿಕಾ ಪಕ್ಕದ ಸಮುದ್ರದಲ್ಲಿ ಕೂತಿತ್ತು. ಅಕ್ಷಾಂಶ ರೇಖಾಂಶ ಎರಡೂ ಸೊನ್ನೆ ಅಂತ ತುಂಬಿಬಿಟ್ರೆ ಚುಕ್ಕಿ ಹೋಗಿ ಬೀಳೋದು ಗಿನಿ ಕೊಲ್ಲಿಗೆ. ಅದನ್ನ ತೆಗೆದ್ರೂ ಉಳಿದ ಚುಕ್ಕಿ ಅರ್ಧಕ್ಕರ್ಧ ರಸ್ತೆ ಪಕ್ಕದ್ದೇ, ಹಲ್ಲಿಗೆ ರಸ್ತೆ ಇಷ್ಟ ಅಂತಲ್ಲ, ನೋಡೋ ಜನ ಓಡಾಡೋದು ಅಲ್ಲೇ. ಡೌನ್‌ಲೋಡ್ ಮಾಡಿದಾಗ ಅವರೇ ಒಂದು ಡಿಓಐ (ಪೇಪರ್ ಅಥವಾ ಡೇಟಾ ಗುರುತಿಸೋ ಶಾಶ್ವತ ನಂಬರ್) ಕೊಡ್ತಾರೆ, ಅದನ್ನೇ ರೆಫರೆನ್ಸ್ ಆಗಿ ಕೊಡಿ, ಬರೀ ವೆಬ್‌ಸೈಟ್ ಅಡ್ರೆಸ್ ಹಾಕಿದ್ರೆ ನೀವು ಯಾವ ಡೇಟಾ ತಗೊಂಡ್ರಿ ಅಂತ ಯಾರಿಗೂ ಗೊತ್ತಾಗಲ್ಲ.

ರಿಟ್ರ್ಯಾಕ್ಟ್ ಆದ, ಅಂದ್ರೆ ಜರ್ನಲ್ ಹಿಂತೆಗೆದುಕೊಂಡ ಪೇಪರ್ ನನ್ನ ಲಿಸ್ಟ್‌ನಲ್ಲೂ ಒಂದಿತ್ತು, ನಾಚಿಕೆ ಆಗುತ್ತೆ ಹೇಳೋಕೆ. ಜರ್ನಲ್ ವಾಪಸ್ ತಗೊಂಡ್ರೂ ನಮ್ಮ ಫೋಲ್ಡರ್‌ನಲ್ಲಿರೋ ಪಿಡಿಎಫ್‌ಗೆ ಅದು ಹೇಗೆ ಗೊತ್ತಾಗ್ಬೇಕು? ರೆಫರೆನ್ಸ್ ಜೋಡಿಸಿಡೋ ಸಾಫ್ಟ್‌ವೇರ್ ಝೊಟೆರೋಗೆ ಹಾಕಿದ ಮೇಲೆ ಕೆಂಪು ಪಟ್ಟಿ ಬಂತು, ಅದು ರಿಟ್ರ್ಯಾಕ್ಷನ್ ವಾಚ್ ಡೇಟಾಬೇಸ್ ನೋಡಿ ತಾನೇ ಎಚ್ಚರಿಸುತ್ತೆ. ಆವತ್ತಿಂದ ಎಕ್ಸೆಲ್‌ನಲ್ಲಿ ರೆಫರೆನ್ಸ್ ಇಡೋದು ಬಿಟ್ಟೆ.

ಫುಲ್ ಟೆಕ್ಸ್ಟ್ ಸಿಗದಿದ್ರೆ, ಪುಕ್ಕಟೆ ಪ್ರತಿ ಹುಡುಕಿ ಕೊಡೋ ಅನ್‌ಪೇವಾಲ್ ಎಕ್ಸ್‌ಟೆನ್ಶನ್ ಬ್ರೌಸರ್‌ಗೆ ಹಾಕ್ಕೊಳ್ಳಿ, ಅದೂ ಆಗದಿದ್ರೆ ಲೇಖಕರಿಗೆ ನಾಲ್ಕು ಸಾಲಿನ ಮೇಲ್ ಹಾಕಿ, ಸುಮಾರು ಜನ ಖುಷಿಯಿಂದ ಕಳಿಸ್ತಾರೆ. ಚಾಟ್‌ಬಾಟ್ ಕೊಡೋ ರೆಫರೆನ್ಸ್ ಅಂತೂ ಡಿಓಐ ಹಾಕಿ ತೆರೆದು ನೋಡದೆ ಮುಟ್ಟಬೇಡಿ, ಲೇಖಕರು ನಿಜ, ಜರ್ನಲ್ ನಿಜ, ಪೇಪರ್ ಮಾತ್ರ ಹುಟ್ಟೇ ಇರಲ್ಲ.

ಅಂದಹಾಗೆ ಆ ಕ್ರೆಡಿಟ್ ಕಾರ್ಡ್ ಸಾಲು ಕೊನೆಗೆ ಏನಾಯ್ತು ಅಂದ್ರೆ, ಎರಡೂ ಅಂದಾಜು, ಅವು ಹೇಗೆ ಮಾಡಿದ್ದು, ಯಾಕೆ ಇಷ್ಟು ಅಂತರ ಅಂತೆಲ್ಲ ಸೇರಿ ಒಂಬತ್ತು ಸಾಲಾಯ್ತು. ಗೈಡ್ ಅದಕ್ಕೂ ಗೆರೆ ಎಳೆದ್ರು, ಈ ಸಲ ಉದ್ದ ಆಯ್ತು ಅಂತ.